ಶಾಲೆಯ ಗೋಡೆಯಲ್ಲಿ ಮೂರು ಅಂಕಣ ಉಳಿದಿವೆ: ನಮ್ಮ ಭಾಗದ ಯಾರನ್ನು ಬರೆಸೋಣ?

ವರದಾ ದಂಡೆಯ ಪಾಲಕಿ

ಎಲ್ಲರಿಗೂ ನಮಸ್ಕಾರ. ಹಾವೇರಿ ತಾಲ್ಲೂಕಿನ ನಮ್ಮೂರ ಸರಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿಯಲ್ಲಿ) ನಾನು ಸದಸ್ಯೆ. ಶಾಲೆಯ ಕಂಪೌಂಡ್ ಗೋಡೆಗೆ ರಸ್ತೆಯ ಕಡೆ ಹತ್ತು ಅಂಕಣಗಳಿವೆ. ಏಳರಲ್ಲಿ ಈಗಾಗಲೇ ಬಸವಣ್ಣ, ಕನಕದಾಸರು, ಶರೀಫರು, ಕಿತ್ತೂರು ಚನ್ನಮ್ಮ, ಗಾಂಧೀಜಿ, ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ ಇದ್ದಾರೆ. ಉಳಿದ ಮೂರಕ್ಕೆ ಯಾರು ಎಂದು ಸಭೆಯಲ್ಲಿ ಎರಡು ಸಲ ಮಾತಾಯಿತು, ತೀರ್ಮಾನ ಆಗಲಿಲ್ಲ. ಪೇಂಟರ್ ಅಣ್ಣ ಮುಂದಿನ ಸೋಮವಾರ ಬರುತ್ತಾರೆ.

ನನ್ನ ಆಸೆ ಒಂದೇ. ಮಕ್ಕಳು ಬಸ್ಸಿನಲ್ಲಿ ಹಾದು ಹೋಗುವ ಊರುಗಳಲ್ಲಿ ಹುಟ್ಟಿದವರು ಅಲ್ಲಿ ಇರಬೇಕು. ಐದನೆಯ ತರಗತಿಯ ನನ್ನ ಮಗಳು ಮೊನ್ನೆ ಹಾವೇರಿ ರೈಲು ನಿಲ್ದಾಣದ ಫಲಕ ಓದಿ, "ಮಹದೇವಪ್ಪ ಮೈಲಾರ ಅಂದರೆ ಈ ಸ್ಟೇಷನ್ ಕಟ್ಟಿಸಿದವರೇ?" ಎಂದು ಕೇಳಿದಳು. ಬೆಂಚಿನ ಮೇಲಿದ್ದ ನಾಲ್ಕೈದು ಜನ ದೊಡ್ಡವರಲ್ಲಿ ಒಬ್ಬರು ಮಾತ್ರ "ಸ್ವಾತಂತ್ರ್ಯ ಹೋರಾಟಗಾರರು" ಎಂದರು, ಅಷ್ಟಕ್ಕೇ ನಿಂತರು. ನನಗೂ ಅದರಾಚೆ ಗೊತ್ತಿರಲಿಲ್ಲ. ಅವರ ಹೆಸರಿನ ನಿಲ್ದಾಣದಲ್ಲಿ ಕುಳಿತು ಮಗುವಿಗೆ ಉತ್ತರ ಕೊಡಲು ಆಗದೆ ಹೋದದ್ದು ಇನ್ನೂ ಕೊರೆಯುತ್ತಿದೆ. ತಿಳಿದವರು ಹೇಳಿ. ಬರಿಯ ಹೆಸರು ಸಾಲದು, ಅವರು ಏನು ಮಾಡಿದರು ಎಂಬುದು ಬೇಕು.

ನಿವೃತ್ತ ಮಾಸ್ತರ, ಬ್ಯಾಡಗಿ

ತಂಗಿ, ನಿನ್ನ ಮಗಳ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಮೂವತ್ತು ವರ್ಷ ಮಕ್ಕಳಿಗೆ ಈ ಕಥೆ ಹೇಳಿದವನು ನಾನು.

ಮೈಲಾರ ಮಹಾದೇವಪ್ಪನವರು ಹುಟ್ಟಿದ್ದು ನಮ್ಮ ಮೋಟೆಬೆನ್ನೂರಿನಲ್ಲಿ, 1911ರ ಜೂನ್ 8ರಂದು. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಖಾದಿಯ ಹುಚ್ಚು ಹತ್ತಿ ಹದಿಹರೆಯದಲ್ಲೇ ಸಬರಮತಿ ಆಶ್ರಮ ಸೇರಿದರು. 1930ರ ಮಾರ್ಚ್ 12ರಂದು ಗಾಂಧೀಜಿ ಉಪ್ಪಿನ ಕಾನೂನು ಮುರಿಯಲು ದಂಡಿಗೆ ಹೊರಟಾಗ ಜೊತೆಗೆ ನಡೆಯಲು ಆಯ್ಕೆಯಾದವರು 78 ಜನ. ಅವರೊಳಗೆ ಕರ್ನಾಟಕದ ಹುಡುಗ ಇವರೊಬ್ಬರೇ. ವಯಸ್ಸು ಹದಿನೆಂಟು. ಸಬರಮತಿಯಿಂದ ದಂಡಿಗೆ ಸುಮಾರು 385 ಕಿಲೋಮೀಟರ್. ತರಗತಿಯಲ್ಲಿ ನಾನು ಈ ಅಂಕಿ ಹೇಳುತ್ತಿರಲಿಲ್ಲ. "ಹಾವೇರಿಯಿಂದ ಬೆಂಗಳೂರಿಗೆ ನಡೆದು, ಅಲ್ಲಿಂದ ಇನ್ನೂ ಮುಂದೆ ಹೋಗಿ" ಎನ್ನುತ್ತಿದ್ದೆ. ಮಕ್ಕಳು ಒಮ್ಮೆಲೇ ತಮ್ಮ ಪಾದ ನೋಡಿಕೊಳ್ಳುತ್ತಿದ್ದರು. ಇಪ್ಪತ್ತನಾಲ್ಕು ದಿನ ನಡೆದು ಏಪ್ರಿಲ್ 5ಕ್ಕೆ ಮುಟ್ಟಿದರು, ಮರುದಿನ ಬೆಳಿಗ್ಗೆ ಉಪ್ಪು ಹಿಡಿದರು.

ಅಲ್ಲಿಂದ ಸೆರೆಮನೆ. ಬಿಡುಗಡೆಯಾದ ಮೇಲೆ ಪಟ್ಟಣ ಹಿಡಿಯಲಿಲ್ಲ, ಊರ ಕಡೆ ಬಂದರು. ಕೊರಡೂರಿನಲ್ಲಿ ಆಶ್ರಮ ಕಟ್ಟಿ ನೂಲುವುದು, ನೇಯುವುದು, ಹಳ್ಳಿಯ ಸೇವೆ ಎಂದು ಕುಳಿತರು. ದಂಡಿಯ ಕಥೆ ಹೇಳುವವರೂ ಮುಂದೆ ಅವರು ಮಡಿದ ಹೊಸರಿತ್ತಿಯ ಕಥೆ ಹೇಳುವವರೂ ನಡುವಿನ ಈ ವರ್ಷಗಳನ್ನು ಹಾರಿಸಿಬಿಡುತ್ತಾರೆ. ದಂಡಿಗೆ ನಡೆದ ಹುಡುಗ ಅದೇ ಹೆಸರನ್ನು ಬಂಡವಾಳ ಮಾಡಿಕೊಂಡು ಮುಂಬಯಿಯಲ್ಲೋ ಧಾರವಾಡದಲ್ಲೋ ಮುಂದಾಳಾಗಬಹುದಿತ್ತು. ಅವರು ರಾಟೆಯ ಮುಂದೆ ಕುಳಿತರು.

1942ರ ಆಗಸ್ಟ್‌ನಲ್ಲಿ "ಮಾಡು ಇಲ್ಲವೇ ಮಡಿ" ಎಂಬ ಕರೆ ಬಂದಾಗ ಭೂಗತರಾದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ಗುಡಿಯಲ್ಲಿ ಇಟ್ಟಿದ್ದ ಸರಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದ ತಂಡಕ್ಕೆ ಅವರೇ ಮುಂದಾಳು. ಕಾವಲಿನ ಪೊಲೀಸರ ಗುಂಡಿಗೆ ಬಿದ್ದರು. ಜೊತೆಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಇವರೂ ಪ್ರಾಣ ಬಿಟ್ಟರು. ಮಹಾದೇವಪ್ಪನವರಿಗೆ ಆಗ ಮೂವತ್ತೊಂದು. ಹಾವೇರಿಯ ವೀರಸೌಧ ಈ ಮೂವರ ಸ್ಮಾರಕ. ಮಗಳನ್ನು ಒಮ್ಮೆ ಕರೆದುಕೊಂಡು ಹೋಗು.

ಧಾರವಾಡದ ಓದುಗ

ಮಾಸ್ತರರ ಮಾತಿಗೆ ಒಂದು ಸಣ್ಣ ಸೇರಿಕೆ. ದಂಡಿಗೆ ನಡೆದವರ ಪಟ್ಟಿಯನ್ನು ಕಾಲೇಜಿನ ದಿನಗಳಲ್ಲಿ ಗ್ರಂಥಾಲಯದಲ್ಲಿ ಹುಡುಕಿದ್ದೆ. "ಮೈಲಾರ" ಎಂಬ ಹೆಸರಿಗಾಗಿ ಎರಡು ಸಲ ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡಿದೆ, ಸಿಗಲಿಲ್ಲ. ಸುಳ್ಳೇ ಕೇಳಿದೆವೇನೋ ಎಂದು ಮನಸ್ಸು ಕುಂದಿತು. ಮೂರನೆಯ ಸಲ ಕಣ್ಣಿಗೆ ಬಿತ್ತು: "ಮಹದೇವ ಮಾರ್ತಾಂಡ", ವಯಸ್ಸು 18, ಕರ್ನಾಟಕ. ಅಲ್ಲಿಯ ರೂಢಿಯಂತೆ ತಂದೆಯ ಹೆಸರು ಹಚ್ಚಿ ಬರೆದಿದ್ದಾರೆ. ಮೈಲಾರಲಿಂಗನೇ ಮಾರ್ತಾಂಡಭೈರವ ಎಂಬುದು ನಮ್ಮ ಭಾಗದ ಯಾವ ಗೊರವಯ್ಯನಿಗಾದರೂ ಗೊತ್ತು. ಮನೆತನದ ಹೆಸರೂ ತಂದೆಯ ಹೆಸರೂ ಒಂದೇ ದೇವರದ್ದು. ಆದರೆ ಗೊತ್ತಿಲ್ಲದವರು ಪಟ್ಟಿ ನೋಡಿದರೆ ನಮ್ಮ ಹುಡುಗನನ್ನು ದಾಟಿಯೇ ಹೋಗುತ್ತಾರೆ. ಗೋಡೆಯ ಮೇಲೆ ಬರೆಯುವಾಗ ಈ ಹೆಸರೂ ಇರಲಿ. ನಾಳೆ ಯಾವುದಾದರೂ ಮಗು ಆ ಪಟ್ಟಿ ತೆರೆದರೆ ಗುರುತು ಹಿಡಿಯಬೇಕು.

ರಾಣೆಬೆನ್ನೂರಿನ ವಿದ್ಯಾರ್ಥಿ

ಗುರುಗಳೇ, ತಪ್ಪು ತಿಳಿಯಬೇಡಿ, ಒಂದು ಸಂಶಯ. ಗಾಂಧೀಜಿಯ ಜೊತೆ ನಡೆದವರು ಕಂದಾಯದ ಹಣಕ್ಕೆ ಕೈ ಹಾಕಿದ್ದು ಅಹಿಂಸೆಯೊಳಗೆ ಬರುತ್ತದೆಯೇ? ಮಕ್ಕಳು ಕೇಳಿದರೆ ಏನು ಹೇಳುವುದು?

ನಿವೃತ್ತ ಮಾಸ್ತರ, ಬ್ಯಾಡಗಿ

ತಪ್ಪೇನಿದೆ, ಕೇಳಬೇಕಾದ ಪ್ರಶ್ನೆಯೇ. 1942ರಲ್ಲಿ ಹಿರಿಯ ಮುಂದಾಳುಗಳೆಲ್ಲ ಒಂದೇ ರಾತ್ರಿಯಲ್ಲಿ ಸೆರೆಯಾದರು. ಹೊರಗೆ ಉಳಿದವರು ಸರಕಾರದ ಕೈಕಾಲು ಕಟ್ಟುವ ದಾರಿ ಹುಡುಕಿದರು: ಅಂಚೆ, ರೈಲು, ಚಾವಡಿಯ ದಾಖಲೆ, ಕಂದಾಯ. ಗಾಂಧೀಜಿ ಇದನ್ನೆಲ್ಲ ಪೂರ್ತಿ ಒಪ್ಪಿದವರಲ್ಲ, ಅದನ್ನು ಮಕ್ಕಳಿಂದ ಮುಚ್ಚಿಡಬಾರದು. ರಾಟೆ ನಂಬಿದ ಮನುಷ್ಯ ಆ ಗುಡಿಯ ಬಾಗಿಲವರೆಗೆ ಹೋದದ್ದು ಹೇಗೆ ಎಂದು ನಾನೂ ಬಹಳ ಸಲ ಯೋಚಿಸಿದ್ದೇನೆ. ಅವರ ಮನಸ್ಸಿನಲ್ಲಿ ಏನು ನಡೆಯಿತೋ ನಾನು ಹೇಳಲಾರೆ. ಮಕ್ಕಳಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ಆ ಹಣ ನಮ್ಮ ರೈತರ ಬೆವರಿನದು, ಹೋಗುತ್ತಿದ್ದದ್ದು ಪರದೇಶದ ಸರಕಾರಕ್ಕೆ. ಉಳಿದದ್ದನ್ನು ಅವರೇ ದೊಡ್ಡವರಾದ ಮೇಲೆ ತೂಗಿ ನೋಡಲಿ.

ಹುಬ್ಬಳ್ಳಿಯ ಅಕ್ಕ

ಎಲ್ಲ ಓದಿದೆ. ಸಿದ್ದಮ್ಮನವರ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲವಲ್ಲ! ಮಹಾದೇವಪ್ಪನವರ ಪತ್ನಿ. ಗಂಡನ ಜೊತೆ ಸಬರಮತಿಗೆ ಹೋದವರು, ತಾವೂ ಸೆರೆಮನೆ ಕಂಡವರು. ಕನ್ನಡ ಬಿಟ್ಟು ಬೇರೆ ಮಾತು ಬಾರದ ಹಳ್ಳಿಯ ಸೊಸೆ ಗುಜರಾತಿನ ಆಶ್ರಮದಲ್ಲಿ ಬದುಕುವುದು ಎಂದರೆ ಏನು ಎಂದು ಹೆಣ್ಣುಮಕ್ಕಳಿಗೆ ಬೇಗ ತಿಳಿಯುತ್ತದೆ. ದಂಡಿಗೆ ಹೊರಟ 78 ಜನರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ ಎಂಬುದೂ ನೆನಪಿರಲಿ.

ನಮ್ಮ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರನ್ನೂ ಹೇಳದೆ ಇರಲಾರೆ. ಮಂಗಳೂರಿನಲ್ಲಿ 1892ರಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಹುಬ್ಬಳ್ಳಿಗೆ ಬಂದರು. ತಿಲಕ ಕನ್ಯಾಶಾಲೆ ನಡೆಸಿದರು. ಡಾ. ಹರ್ಡೀಕರ್ ಅವರ ಸೇವಾದಳದಲ್ಲಿ, ಅಂದರೆ ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆಯಲ್ಲಿ, ಹೆಣ್ಣುಮಕ್ಕಳ ಪಡೆ ಕಟ್ಟಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕರೆತಂದರು. ಮನೆಯ ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ಕಾಲದಲ್ಲಿ ವಿಧವೆಯರೂ ಅವರ ಮಾತು ನಂಬಿ ಬಂದರು. 1932ರಲ್ಲಿ ಯರವಡಾ ಸೆರೆಮನೆ. ಸ್ವಾತಂತ್ರ್ಯ ಬಂದ ಮೇಲೆ ಪಿಂಚಣಿಯನ್ನೂ ತಾಮ್ರಪತ್ರವನ್ನೂ ಬೇಡವೆಂದರು. ಹುಬ್ಬಳ್ಳಿಯ ಒಂದು ಚಿಕ್ಕ ಮನೆಯಲ್ಲಿ 1992ರವರೆಗೆ ಬದುಕಿದ್ದರು. ಆಗ ಈ ಊರಿನಲ್ಲೇ ಕಾಲೇಜು ಓದುತ್ತಿದ್ದೆ ನಾನು. ಒಂದು ದಿನವೂ ಹೋಗಿ ಕಾಲಿಗೆ ನಮಸ್ಕರಿಸಲಿಲ್ಲ. ಹಾಗೊಬ್ಬರು ಇದ್ದಾರೆಂದು ಯಾರೂ ಹೇಳಿರಲಿಲ್ಲ.

ಗದಗಿನ ಸೊಸೈಟಿ ನೌಕರ

ಅಕ್ಕಾವರೇ, ಹಾವೇರಿ ಜಿಲ್ಲೆಯವರೇ ಆಗಬೇಕು ಎಂದಿಲ್ಲವಾದರೆ ನನ್ನದೊಂದು ಕೋರಿಕೆ. 1997ರವರೆಗೆ ಗದಗ, ಹಾವೇರಿ ಎಲ್ಲ ಧಾರವಾಡ ಜಿಲ್ಲೆಯೇ ಆಗಿತ್ತು, ಆ ಲೆಕ್ಕದಲ್ಲಿ ಇವರು ನಿಮ್ಮವರೂ ಹೌದು.

ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಕತ್ತಿ ಹಿಡಿದವರಲ್ಲ, ಸೆರೆಮನೆಗೆ ಹೋದವರಲ್ಲ. 1905ರಲ್ಲಿ ತಮ್ಮ ಹಳ್ಳಿಯಲ್ಲಿ ಒಂದು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲ ಕೃಷಿ ಪತ್ತಿನ ಸಂಘ ಎಂದು ಅದನ್ನು ಕರೆಯುತ್ತಾರೆ. ನಾನು ಒಂದು ಸೊಸೈಟಿಯಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವನು. ಹಾಗಾಗಿ ಆ ಮನುಷ್ಯ ಏನು ಮಾಡಿದರು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

1876-78ರ ಮಹಾಬರ ನಮ್ಮ ಬಯಲುಸೀಮೆಯನ್ನು ಹಿಂಡಿ ಹಾಕಿತ್ತು. ಇಪ್ಪತ್ತು ವರ್ಷ ತುಂಬುತ್ತಲೇ ಮತ್ತೆ ಬರ. ಬೀಜಕ್ಕೆ ಸಾಲ, ಎತ್ತಿಗೆ ಸಾಲ, ಮದುವೆಗೆ ಸಾಲ. ಸಾಲ ಕೊಟ್ಟವನು ಬೆಳೆ ಬಂದ ದಿನವೇ ಕಣಕ್ಕೆ ಬಂದು ನಿಲ್ಲುತ್ತಿದ್ದ. ಬಡ್ಡಿ ಹೋಗಿ ಅಸಲು ಉಳಿಯುತ್ತಿತ್ತು, ಮುಂದಿನ ವರ್ಷ ಹೊಲವೇ ಹೋಗುತ್ತಿತ್ತು. 1904ರಲ್ಲಿ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ತಂದಿತು. ಒಂದೇ ಊರಿನ ಹತ್ತು ಜನ ಕೂಡಿದರೆ ಸಂಘ ಆಗಬಹುದು. ಕಾಯಿದೆ ಬಂದ ಮರುವರ್ಷವೇ ಅದನ್ನು ಹಿಡಿದು ಹಳ್ಳಿಗೆ ತಂದವರು ಸಿದ್ದನಗೌಡರು. ಅವರಿಗೆ ಆಗ ಅರವತ್ತು ದಾಟಿತ್ತು, 1843ರಲ್ಲಿ ಹುಟ್ಟಿದವರು.

ಆ ಕಾಯಿದೆಯಲ್ಲಿ ಎದೆ ನಡುಗಿಸುವ ಒಂದು ಮಾತಿತ್ತು. ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಅಂದರೆ ಸಂಘ ಮುಳುಗಿದರೆ ಒಬ್ಬನ ಸಾಲಕ್ಕೆ ಎಲ್ಲರ ಆಸ್ತಿಯೂ ಜಾಮೀನು. ನಾನು ನನ್ನ ಎರಡು ಎಕರೆಯನ್ನು ಪಕ್ಕದ ಮನೆಯವನ ನಂಬಿಕೆಯ ಮೇಲೆ ಇಟ್ಟಂತೆ. ಇಂದು ಸಾಲದ ಅರ್ಜಿಗೆ ಒಬ್ಬ ಜಾಮೀನುದಾರ ಸಹಿ ಹಾಕಬೇಕೆಂದರೆ ಸ್ವಂತ ತಮ್ಮನೇ "ನಾಳೆ ಬರುತ್ತೇನೆ" ಎಂದು ಹೋಗುತ್ತಾನೆ. ನನ್ನ ಮೇಜಿನ ಮುಂದೆ ಎಷ್ಟು ಸಲ ನೋಡಿಲ್ಲ! ಅಂಥದ್ದರಲ್ಲಿ ಒಂದು ಹಳ್ಳಿಯ ರೈತರು ಒಬ್ಬರಿಗೊಬ್ಬರು ಹೊಲವನ್ನೇ ಒಡ್ಡಿ ಸಂಘ ಕಟ್ಟಿದರು. ಲಾಭವನ್ನು ಹಂಚಿಕೊಳ್ಳುವಂತಿಲ್ಲ, ಅದು ಕಾಯ್ದಿಟ್ಟ ನಿಧಿಗೆ ಸೇರಬೇಕು. ಹಾಗಿದ್ದೂ ಕೂಡಿದರು. ಊರಿನ ಗೌಡ ಮೊದಲು ತನ್ನ ಹೆಸರು ಬರೆಸಿದ್ದರಿಂದಲೇ ಉಳಿದವರಿಗೆ ಧೈರ್ಯ ಬಂದಿರಬೇಕು ಎಂದು ನನಗೆ ಅನ್ನಿಸುತ್ತದೆ. ಗೌಡರು 1933ರವರೆಗೆ ಇದ್ದರು. ಹಳ್ಳಿಹಳ್ಳಿಗೆ ಸೊಸೈಟಿ ಬರುವುದನ್ನು ಕಣ್ಣಾರೆ ಕಂಡು ಹೋದರು.

ನಿಮ್ಮ ಶಾಲೆಯ ಯಾವ ಮಗುವಿನ ಮನೆಯಲ್ಲಿ ಸೊಸೈಟಿಯ ಪಾಸ್‌ಬುಕ್ ಇಲ್ಲ ಹೇಳಿ. ಆ ಮಕ್ಕಳ ಅನ್ನದಲ್ಲಿ ಈ ಮನುಷ್ಯನ ಪಾಲಿದೆ.

ರಾಣೆಬೆನ್ನೂರಿನ ವಿದ್ಯಾರ್ಥಿ

ಸರ್, ಓದಿ ಮೈ ಜುಮ್ಮೆಂದಿತು. ಆದರೆ ಗೋಡೆಯ ಮೇಲೆ ರುಮಾಲು ಸುತ್ತಿದ ಒಬ್ಬ ಹಿರಿಯರ ಮುಖ ಬರೆದರೆ ಮಕ್ಕಳಿಗೆ ಇದೆಲ್ಲ ಹೇಗೆ ತಿಳಿಯುತ್ತದೆ? ಕುದುರೆ, ಕತ್ತಿ ಇದ್ದರೆ ನಿಂತು ನೋಡುತ್ತಾರೆ. ನರಗುಂದದ ಬಾಬಾಸಾಹೇಬರು, ಮುಂಡರಗಿ ಭೀಮರಾಯರು 1858ರಲ್ಲಿ ಕಂಪನಿ ಸರಕಾರದ ಮೇಲೆ ತಿರುಗಿ ಬಿದ್ದ ಕಥೆ ಚಿತ್ರಕ್ಕೆ ಚೆನ್ನಾಗಿ ಒದಗುತ್ತದೆ.

ಗೋಡೆ ಬರೆಯುವ ಪೇಂಟರ್

ನಮಸ್ಕಾರ, ಸೋಮವಾರ ಬರಬೇಕಾದವನು ನಾನೇ. ಅಕ್ಕಾವರು ಈ ಮಾತುಕತೆ ತೋರಿಸಿದರು.

ಇಪ್ಪತ್ತು ವರ್ಷದಿಂದ ಶಾಲೆಗಳ ಗೋಡೆ ಬರೆಯುತ್ತಿದ್ದೇನೆ. ನಿಮಗೆಲ್ಲ ಒಂದು ನಿಜ ಹೇಳಬೇಕು. ಮುಖ ಬರೆಯಿರಿ ಎನ್ನುತ್ತಾರೆ, ಮೊಬೈಲ್‌ನಲ್ಲಿ ಒಂದು ಮಸುಕು ಫೋಟೋ ಕಳಿಸುತ್ತಾರೆ. ಫೋಟೋ ಇಲ್ಲದವರಿಗೆ ನಾವೇ ಒಂದು ಮೀಸೆ, ಒಂದು ರುಮಾಲು ಹಾಕಿ ಕೊಡುತ್ತೇವೆ. ಒಂದೂರಿನಲ್ಲಿ ನಾನು ಬರೆದ ಮೂವರು ಮಹನೀಯರು ಒಂದೇ ತಾಯಿಯ ಮಕ್ಕಳಂತೆ ಕಂಡರು. ಕೆಳಗೆ ಹೆಸರು ಅಳಿಸಿದರೆ ಯಾರು ಯಾರೆಂದು ಬರೆದ ನನಗೇ ತಿಳಿಯುತ್ತಿರಲಿಲ್ಲ. ಆ ದಿನದಿಂದ ನನಗೆ ಸಮಾಧಾನವಿಲ್ಲ.

ಆದ್ದರಿಂದ ಮುಖ ಬೇಡ, ಅವರು ಮಾಡಿದ ಕೆಲಸ ಬರೆಯೋಣ. ಒಂದು ಅಂಕಣ ಎಂಟು ಅಡಿ ಅಗಲ, ಐದು ಅಡಿ ಎತ್ತರ ಇದೆ, ಅಳೆದು ಬಂದಿದ್ದೇನೆ. ದಂಡಿಗೆ ನಡೆಯುವವರ ಸಾಲನ್ನು ಅದರಲ್ಲಿ ಚೆನ್ನಾಗಿ ಕೂಡಿಸಬಹುದು. ಗೋಡೆ ಪಡುವಣಕ್ಕೆ ಇದೆ, ಮಳೆಯ ಹೊಡೆತ ಬೀಳುತ್ತದೆ. ಹಳೆಯ ಸುಣ್ಣ ಕೆರೆದು ಪ್ರೈಮರ್ ಹೊಡೆಯದೆ ಬರೆದರೆ ಎರಡು ಮಳೆಗಾಲಕ್ಕೆ ಎದ್ದು ಹೋಗುತ್ತದೆ. ಕೆರೆಯುವ ಕೆಲಸಕ್ಕೆ ಊರಿನ ನಾಲ್ಕು ಹುಡುಗರನ್ನು ಕೊಡಿ, ಆ ಕೂಲಿ ನನಗೆ ಬೇಡ.

ಹಾನಗಲ್ಲಿನವನು

ಪೇಂಟರ್ ಅಣ್ಣ ಹೇಳಿದ ಮಾತು ಕೇಳಿ ನನ್ನ ಮನಸ್ಸಿನಲ್ಲಿದ್ದ ಚಿತ್ರ ಹೇಳುವ ಧೈರ್ಯ ಬಂತು.

ನಮ್ಮ ತಾಲ್ಲೂಕಿನ ಕಾಡಶೆಟ್ಟಿಹಳ್ಳಿ. ಹುಟ್ಟು ಕುರುಡರಾದ ಇಬ್ಬರು ಅಣ್ಣತಮ್ಮಂದಿರು, ಗುರುಬಸಯ್ಯ ಮತ್ತು ಗದಿಗೆಯ್ಯ. ಬಡ ಜಂಗಮರ ಮನೆ. ಕಣ್ಣಿಲ್ಲದ ಮಕ್ಕಳಿಗೆ ಆ ಕಾಲದಲ್ಲಿ ಭಿಕ್ಷೆ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಹಾನಗಲ್ಲಿನ ಕುಮಾರ ಸ್ವಾಮಿಗಳು ಆ ಮಕ್ಕಳ ಹಾಡು ಕೇಳಿದರು. ಕೇಳಿ, ಹರಸಿ, ಮುಂದೆ ಹೋಗಬಹುದಿತ್ತು. ಅವರು ಮಕ್ಕಳನ್ನು ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು. ಚಿಕ್ಕವನು ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು.

ಕುಮಾರ ಸ್ವಾಮಿಗಳು ಹುಟ್ಟಿದ್ದು 1867ರಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ. ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗಮಂದಿರ ಕಟ್ಟಿದವರೂ ಅವರೇ. ಗವಾಯಿಗಳಂತೂ ತಾವು ಪಡೆದದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸುತ್ತಿದರು, ಅವರ ಅನ್ನಕ್ಕಾಗಿ ನಾಟಕ ಕಂಪನಿಯನ್ನೂ ನಡೆಸಿದರು. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆ ನಿಂತಿತು. ಹೆಸರಾಂತ ಗಾಯಕ ಬಸವರಾಜ ರಾಜಗುರು ಈ ಗವಾಯಿಗಳ ಶಿಷ್ಯರು. 1944ರಲ್ಲಿ ಗವಾಯಿಗಳು ಹೋದ ಮೇಲೆ ಆಶ್ರಮ ಹೊತ್ತವರು ನಮ್ಮ ಹಾನಗಲ್ ತಾಲ್ಲೂಕಿನ ದೇವಗಿರಿಯ ಪುಟ್ಟರಾಜ ಗವಾಯಿಗಳು. ಅವರಿಗೂ ಕೂಸಾಗಿದ್ದಾಗಲೇ ಕಣ್ಣು ಹೋಗಿತ್ತು. 2010ರ ಸೆಪ್ಟೆಂಬರ್ 17ರಂದು ಅಜ್ಜನವರು ಲಿಂಗೈಕ್ಯರಾದ ದಿನ ನಾನು ಗದಗಿನಲ್ಲಿದ್ದೆ. ಜನರ ನಡುವೆ ಕಾಲಿಡಲು ಜಾಗವಿರಲಿಲ್ಲ. ನನ್ನ ಮುಂದೆ ಒಬ್ಬ ಕುರುಡ ಹುಡುಗ ಮತ್ತೊಬ್ಬ ಕುರುಡ ಹುಡುಗನ ಹೆಗಲ ಮೇಲೆ ಕೈ ಇಟ್ಟು ನಡೆಯುತ್ತಿದ್ದ, ಅವನ ಹಿಂದೆ ಇನ್ನೊಬ್ಬ. ಮೂವರೂ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದರು.

ಆ ಹೆಗಲ ಮೇಲಿನ ಕೈ ಬರೆಯಿರಿ ಅಣ್ಣಾ. ಮುಂದೆ ಕುಮಾರ ಸ್ವಾಮಿಗಳು, ಹಿಂದೆ ಆ ಇಬ್ಬರು ಮಕ್ಕಳು, ಅವರ ಹಿಂದೆ ಸಾಲು. ಯಾರ ಮುಖವೂ ಕಾಣಬೇಕಿಲ್ಲ.

ಧಾರವಾಡದ ಓದುಗ

ಇದಕ್ಕಿಂತ ಒಳ್ಳೆಯ ಚಿತ್ರ ಬೇರೆ ಇಲ್ಲ. ನನ್ನ ಮನಸ್ಸಿನಲ್ಲಿ ಡೆಪ್ಯುಟಿ ಚನ್ನಬಸಪ್ಪನವರಿದ್ದರು. ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ನಮ್ಮ ಭಾಗಕ್ಕೆ ಕನ್ನಡ ಶಾಲೆಗಳನ್ನು ತಂದುಕೊಟ್ಟ ಪುಣ್ಯಾತ್ಮ, 1881ರಲ್ಲಿ ತೀರಿಕೊಂಡರು. ಕನ್ನಡ ಶಾಲೆಯ ಗೋಡೆಯ ಮೇಲೆ ಅವರಿಗೇ ಜಾಗವಿಲ್ಲ ಎಂದರೆ ಸಂಕಟವಾಗುತ್ತದೆ. ಆದರೆ ಹಾನಗಲ್ಲಿನವರ ಮಾತು ಓದಿದ ಮೇಲೆ ನನ್ನ ಪಟ್ಟು ಬಿಟ್ಟೆ. ಚನ್ನಬಸಪ್ಪನವರ ಹೆಸರನ್ನು ಒಳಗೆ ಗ್ರಂಥಾಲಯದ ಬಾಗಿಲ ಮೇಲಾದರೂ ಬರೆಸಿ. ಪಕ್ಕದಲ್ಲಿ ಗಳಗನಾಥರೂ ಇರಲಿ. ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಒಯ್ದು ಮಾರಿದವರು, ನಿಮ್ಮ ತಾಲ್ಲೂಕಿನವರೇ.

ವರದಾ ದಂಡೆಯ ಪಾಲಕಿ

ನಿನ್ನೆ ರಾತ್ರಿ ಸಭೆ ಸೇರಿದೆವು. ನಿಮ್ಮೆಲ್ಲರ ಮಾತುಗಳನ್ನು ಮುಖ್ಯ ಗುರುಮಾತೆಯವರು ಗಟ್ಟಿಯಾಗಿ ಓದಿದರು. ಸೊಸೈಟಿಯ ಭಾಗ ಬಂದಾಗ ಹಿಂದೆ ಕುಳಿತಿದ್ದ ಹಿರಿಯರೊಬ್ಬರು ಎದ್ದು ನಿಂತು, "ನನ್ನ ಅಪ್ಪ ಒಬ್ಬನಿಗೆ ಜಾಮೀನು ಬಿದ್ದು ಹೊಲ ಕಳೆದುಕೊಂಡ, ಆದರೂ ಮುಂದಿನ ವರ್ಷ ಇನ್ನೊಬ್ಬನಿಗೆ ಜಾಮೀನು ಬಿದ್ದ" ಎಂದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಮೂರಕ್ಕೂ ಠರಾವು ಆಯಿತು.

ಮೊದಲನೆಯದು ದಂಡಿಯ ಸಾಲು. ಎಲ್ಲ ಬಿಳಿ, ಒಬ್ಬ ಹುಡುಗನ ಹೆಗಲ ಚೀಲಕ್ಕೆ ಮಾತ್ರ ಬಣ್ಣ. ಅದೇ ಅಂಕಣದ ಬಲ ಮೂಲೆಯಲ್ಲಿ ರಾಟೆಯ ಮುಂದೆ ಸಿದ್ದಮ್ಮನವರು. ಎರಡನೆಯದು ಕಣಗಿನಹಾಳ: ಜಮಖಾನೆಯ ಮೇಲೆ ಕುಳಿತ ರೈತರು, ನಡುವೆ ತೆರೆದ ಒಂದು ಪುಸ್ತಕ, ಅದರ ಮೇಲೆ ಹೆಬ್ಬೆರಳು ಒತ್ತುತ್ತಿರುವ ಒಂದು ಕೈ. ಮೂರನೆಯದು ಹೆಗಲ ಮೇಲಿನ ಕೈ. ಉಮಾಬಾಯಿಯವರನ್ನು ಬಿಟ್ಟಿಲ್ಲ ಹುಬ್ಬಳ್ಳಿಯ ಅಕ್ಕಾ. ಹೆಣ್ಣುಮಕ್ಕಳ ಕೊಠಡಿಯ ಹೊರಗೋಡೆ ಖಾಲಿ ಇದೆ, ದೀಪಾವಳಿ ರಜೆಯಲ್ಲಿ ಅದನ್ನು ಬರೆಸುತ್ತೇವೆ.

ಮೊದಲ ಅಂಕಣದ ಕೆಳಗೆ ಹೀಗೆ ಬರೆಯಬೇಕು ಎಂದುಕೊಂಡಿದ್ದೇವೆ: "ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ (1911-1943). ದಂಡಿಯ ಪಟ್ಟಿಯಲ್ಲಿ ಇವರ ಹೆಸರು ಮಹದೇವ ಮಾರ್ತಾಂಡ." ಮಾಸ್ತರರು ಒಮ್ಮೆ ನೋಡಿ ಹೇಳಬೇಕು.

ನಿವೃತ್ತ ಮಾಸ್ತರ, ಬ್ಯಾಡಗಿ

ಸರಿಯಾಗಿದೆ ತಂಗಿ. ಆದರೆ ಇನ್ನೊಂದು ಸಾಲು ಸೇರಿಸು. ಹೊಸರಿತ್ತಿಯಲ್ಲಿ ಜೊತೆಗೆ ಬಿದ್ದವರು: ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಅವರ ಹೆಸರಿನ ಯಾವ ನಿಲ್ದಾಣವನ್ನೂ ನಿನ್ನ ಮಗಳು ನೋಡಲಾರಳು.

ಗೋಡೆ ಬರೆಯುವ ಪೇಂಟರ್

ಜಾಗ ಇದೆ ಮಾಸ್ತರೇ. ಮೂವರ ಹೆಸರನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಬರೆಯುತ್ತೇನೆ. ಗೋಡೆ ಕೆರೆಯಲು ಹುಡುಗರನ್ನು ಸೋಮವಾರ ಬೆಳಿಗ್ಗೆ ಏಳಕ್ಕೆ ಕಳಿಸಿ.